ನೆರೆದೇಶದ ಪರವಾಗಿ ಒಂದು ಸಹಿ

ಬಿಟ್ಟಂಗಾಲದಲ್ಲಿ ನನ್ನ ಪಕ್ಕದ ಕಾಫಿ ತೋಟದ ಯಜಮಾನರು, ಯಾರು ಏನು ಹೇಳಿದರೂ ತಲೆ ಓರೆ ಮಾಡಿ ಪೂರ್ತಿ ಕೇಳಿ, ಕೊನೆಗೆ "ಅದೂ ಸರಿಯೇ ಅನ್ನಿ" ಎನ್ನುತ್ತಿದ್ದರು. ನನ್ನಂಥ ನಿವೃತ್ತ ಮೇಷ್ಟ್ರಿಗೆ ಇನ್ನೇನು ಬೇಕು?

ಆಗ ನೆರೆದೇಶವೊಂದರಲ್ಲಿ ಯುದ್ಧ ನಡೆಯುತ್ತಿತ್ತು. ದೂರದ ದೊಡ್ಡ ದೇಶಗಳು ಅದರಲ್ಲಿ ಮೂಗು ತೂರಿಸುತ್ತಿದ್ದವು. ಅಕ್ಕಪಕ್ಕದ ದೇಶಗಳೆಲ್ಲ ತಮ್ಮ ಕಷ್ಟವನ್ನು ಅದರ ಮೇಲೆ ದೂಡದೆ ಆ ದೇಶದ ಬೆನ್ನಿಗೆ ನಿಲ್ಲಬೇಕೆಂದು ನಾನೊಂದು ಮನವಿ ಬರೆದೆ. ದೆಹಲಿ ಅದಕ್ಕಾಗಿಯೇ ಕಾದು ಕುಳಿತಿದೆ ಎಂಬ ಗತ್ತಿನಲ್ಲಿ ಯಜಮಾನರ ಸಹಿ ಕೇಳಲು ಹೋದೆ. ಅಂಗಳದಲ್ಲೇ ನಿಂತು ಗಟ್ಟಿಯಾಗಿ ಓದಿದೆ: "ತನ್ನ ಆಪತ್ತನ್ನು ಪಕ್ಕದ ಮನೆಗೆ ದೂಡುವವನು ನೆರೆಯವನೇ ಅಲ್ಲ."

ಅವರು ತಲೆ ಓರೆ ಮಾಡಿ ಕೇಳಿದರು. ನಾನು ಓದಿ ತಲೆಯೆತ್ತಿದಾಗ ಅವರ ಹಿಂದೆ ಬೇಲಿ ನೆಲಕ್ಕೆ ಮಲಗಿದ್ದು ಕಂಡಿತು. ಬಾಳೆಗಳು ಸೀಳಿ ಬಿದ್ದಿದ್ದವು.

ಅವತ್ತು ಬೆಳಿಗ್ಗೆ ನನ್ನ ತೋಟಕ್ಕೆ ನುಗ್ಗಿದ್ದ ಎರಡು ಆನೆಗಳನ್ನು ಪಟಾಕಿ ಹೊಡೆದು ಓಡಿಸಿದ್ದೆ. ಎತ್ತ ಓಡಿದವೆಂದು ನೋಡುವ ಗೋಜಿಗೆ ಹೋಗಿರಲಿಲ್ಲ. ಪಟಾಕಿಗೆ ಕಡ್ಡಿ ಗೀರುವ ಮುಂಚೆ ಪಕ್ಕದ ತೋಟಕ್ಕೊಂದು ಫೋನ್ ಮಾಡುವುದು ನಮ್ಮಲ್ಲಿ ವಾಡಿಕೆ. ಮನವಿಯ ಆ ಸುಂದರ ವಾಕ್ಯವನ್ನು ತಿದ್ದುವ ಆತುರದಲ್ಲಿ ಅದನ್ನೂ ಮರೆತಿದ್ದೆ.

"ಅದೂ ಸರಿಯೇ ಅನ್ನಿ" ಎಂದು ಅವರು ನಿಧಾನವಾಗಿ ಸಹಿ ಹಾಕಿ, ಕಾಗದವನ್ನೊಮ್ಮೆ ತಿರುಗಿಸಿ ನೋಡಿ, ಪೆನ್ನನ್ನು ನನ್ನತ್ತ ಚಾಚಿದರು. "ನಿಮ್ಮ ಸಹಿ ಇನ್ನೂ ಹಾಕ್ಲಿಲ್ವಲ್ಲ ಮೇಷ್ಟ್ರೇ?"

ಆ ಮನವಿ ದೆಹಲಿಗೆ ಹೋಗಲೇ ಇಲ್ಲ. ನನ್ನ ಮೇಜಿನ ಖಾನೆಯಲ್ಲಿದೆ. ಅದರ ಮೇಲೆ ಇವತ್ತಿಗೂ ಅವರದೊಂದೇ ಸಹಿ.