ಗೋಡೆ ಕಡೆಯ ಮಗ್ಗುಲು

ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಈತನಿಗೆ ನಾವಿಟ್ಟ ಹೆಸರು ಅರ್ಜಿರಾಯ. ಹೆಂಡತಿಗೂ ಈ ದೇಶದಲ್ಲಿ ನೆಲೆಸುವ ಪರವಾನಗಿ ಸಿಗಲೆಂದು, ಇಬ್ಬರೂ ಇಲ್ಲಿ ಒಂದೇ ಸೂರಿನಡಿ ಇದ್ದಾಗ ಅರ್ಜಿ ಹಾಕಿದ್ದ. ಅದು ಕೈಗೂಡುವ ಮೊದಲೇ ಆಕೆ ಅಕ್ಕನ ಹೆರಿಗೆಗೆಂದು ದೇಶ ಬಿಟ್ಟಳು. ಒಳಗಿದ್ದವರ ಅರ್ಜಿ ಹೊರಗೆ ಹೋದವರಿಗೆ ನಡೆಯದು, ಹಿಂತೆಗೆದುಕೊಂಡು ಬೇರೆಯದನ್ನು ಹಾಕಿ ಎಂದಿತು ವಲಸೆ ಕಚೇರಿ. ಮದುವೆ ನಿಜವೋ ನಾಟಕವೋ ಎಂದು ಈ ಸಲ ಸಂದರ್ಶನವೂ ಉಂಟಂತೆ. ಅಂದಿನಿಂದ ಕಾಲರಿಗೆ ಹಬೆ ಬಿಡುತ್ತಲೇ ಫೋನಿನಲ್ಲಿ ಹೆಂಡತಿಗೆ ತಾಲೀಮು: "ನಮ್ಮಮ್ಮನಿಗೆ ಯಾವ ಕಾಲಿನ ಮಂಡಿನೋವು, ಹೇಳು ನೋಡೋಣ." ಆಕೆ, "ಜೊತೇಲಿದ್ದಾಗ ಊಟ ಆಯ್ತಾ ಅಂತ ಕೇಳಿದೋರಲ್ಲ!" ಎಂದು ಸಿಡುಕಿದರೆ, "ಜಗಳಾನೂ ಪುರಾವೆನೇ, ಬರೆದು ಕಳಿಸು!" ಎಂದು ಹಿಗ್ಗುತ್ತಾನೆ. ನಮ್ಮನ್ನೂ ಬಿಟ್ಟವನಲ್ಲ. "ನಿಮ್ಮನೆಯವ್ರು ಯಾವ ಮಗ್ಗುಲಲ್ಲಿ ಮಲಗ್ತಾರೆ? ಗೊತ್ತಿಲ್ವಾ? ನಿಮ್ಮ ಅರ್ಜಿ ತಿರಸ್ಕಾರ!" ಮೊನ್ನೆ ಜ್ವರವೆಂದು ರಜೆ ಹಾಕಿದವನನ್ನು ನೋಡಲು ಅವನ ಕೋಣೆಗೆ ಹೋದೆ. ಜೋಡಿ ಮಂಚದ ಅಂಚಿನಲ್ಲಿ, ಇನ್ನೇನು ಬೀಳುವಂತೆ ಮಲಗಿದ್ದ. ಗೋಡೆ ಕಡೆಯ ಅರ್ಧ ಒಂದು ಸುಕ್ಕೂ ಇಲ್ಲದೆ ಖಾಲಿ. "ಇಷ್ಟು ಜಾಗ ಇದೆ, ಆರಾಮಾಗಿ ಕೈಕಾಲು ಚಾಚಬಾರದೇನಪ್ಪಾ?" ಎಂದೆ. "ಬೇಡಿ," ಎಂದ, "ಗೋಡೆ ಕಡೆ ಅವಳು ಅಂತ ಸಂದರ್ಶನದಲ್ಲಿ ಇಬ್ರೂ ಹೇಳೋದು. ನಾನು ನಡುವೆ ಮಲಗಿಬಿಟ್ರೆ ಅದು ಸುಳ್ಳಾಗಿಬಿಡುತ್ತೆ."