ಹೆಂಡತಿ ಎಂಬ ಕಾಗದಕ್ಕಾಗಿ ಔರಾದಿಗೆ

ಭಾಲ್ಕಿಯ ಕಡೆಗೆ ಹೋಗುವ ರೈಲು ಬೀದರನ್ನು ಬಿಟ್ಟಾಗ ಪುಷ್ಯದ ಚಳಿ ಇನ್ನೂ ಇಳಿದಿರಲಿಲ್ಲ. ಮೂರನೆಯ ದರ್ಜೆಯ ಟಿಕೀಟಿಗೆ ನಮ್ಮ ನಿಜಾಮ ಸರ್ಕಾರದ ನಾಣ್ಯ ಹಾಲಿ ಸಿಕ್ಕಾದಲ್ಲಿ ಏಳಾಣೆ ಕೊಟ್ಟು ಹೆಂಗಸರ ಡಬ್ಬಿಯಲ್ಲಿ ಕುಳಿತೆ. ಎದುರಿಗೆ ಕಮಠಾಣದ ಒಬ್ಬ ಹಿರಿಯ ಹೆಂಗಸು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

“ಒಬ್ಬಾಕಿನೇ ಹೊಂಟೀಯೇನವಾ? ಗಂಡ ಎಲ್ಲಿ?”

“ಆಫ್ರಿಕಾದಾಗ ಅದಾರ್ರಿ.”

“ಅದು ಉದಗೀರದ ಆಚಿಗಿ ಬರ್ತದೇನು?”

“ಇನ್ನಾ ಸ್ವಲ್ಪ ಆಚಿಗಿರಿ” ಎಂದೆ. ಆಕೆ ಅಯ್ಯೋ ಪಾಪ ಎಂದು ಬುಟ್ಟಿಯಿಂದ ಎರಡು ಪೇರಲಹಣ್ಣು ತೆಗೆದುಕೊಟ್ಟಳು.

ನನ್ನ ಗಂಡ ನೈರೋಬಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾರೆ. ಹೆಂಡತಿಯನ್ನು ಕರೆಸಿಕೊಳ್ಳಲು ಅಲ್ಲಿಯ ಸರ್ಕಾರ ಅವರಿಗೆ ಪರವಾನಗಿ ಕೊಟ್ಟಿತ್ತು, ಆದರೆ ಅದರ ಅವಧಿ ಯುಗಾದಿಯ ಹೊತ್ತಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ನಾನು ಮುಂಬಯಿಯಲ್ಲಿ ಹಡಗು ಹತ್ತಬೇಕು. ಹತ್ತಲು ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟಿಗೆ ಮೊದಲು, ನಾನು ಅವರ ಹೆಂಡತಿ ಹೌದೆಂದು ನಮ್ಮ ಸರ್ಕಾರ ಬರೆದುಕೊಡಬೇಕು. ಈ ಸಲ ತಪ್ಪಿದರೆ ಪರವಾನಗಿ ಮತ್ತೆ ಯಾವಾಗ ಸಿಕ್ಕೀತೋ ಹೇಳುವವರಿರಲಿಲ್ಲ.

ಬೀದರಿನ ದೊಡ್ಡ ಕಚೇರಿಯವರು ನನ್ನ ಅರ್ಜಿ ನೋಡಿ, ಮದುವೆ ನಡೆದ ಊರಿನ ತಹಶೀಲ್ದಾರರಿಂದ ತಸ್ದೀಖ್ ಮಾಡಿಸಿ ತನ್ನಿ ಎಂದರು. ಎಂದರೆ ವಿಚಾರಿಸಿ ಖಾತ್ರಿ ಮಾಡಿದ ಕಾಗದ. ಗಂಡನ ಮನೆಯ ಒಬ್ಬರು, ಮದುವೆ ಮಾಡಿಸಿದ ಅಯ್ಯನವರು, ಇಬ್ಬರೂ ಸಾಕ್ಷಿಗೆ ಬರಬೇಕು. ನಮ್ಮ ತಂದೆ ಔರಾದಿನ ಶಾಲೆಯಲ್ಲಿ ಮಾಸ್ತರರಾಗಿದ್ದಾಗ ಮದುವೆ ಅಲ್ಲೇ ಆಗಿತ್ತು. ಗಂಡನ ಮನೆ ಭಾಲ್ಕಿ. ಹೀಗಾಗಿ ಮೊದಲು ಭಾಲ್ಕಿ, ಅಲ್ಲಿಂದ ಅತ್ತೆಯವರ ಸಂಗಡ ಔರಾದು ಎಂದು ಗೊತ್ತುಮಾಡಿದೆ.

ಭಾಲ್ಕಿಯಲ್ಲಿ ಅತ್ತೆಯವರು ಬುತ್ತಿ ಕಟ್ಟಿಯೇ ಕುಳಿತಿದ್ದರು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಒಂದು ಗಡಿಗೆ ಮೊಸರನ್ನೂ ಹುಲ್ಲಿನಲ್ಲಿ ಹುದುಗಿಸಿಟ್ಟಿದ್ದರು. ಮರುದಿನ ಬೆಳಗಿನಲ್ಲಿ ಮನೆಯ ಕಮಾನು ಗಾಡಿ ಹೂಡಿಸಿದೆವು. ಎತ್ತು ಹೊಡೆಯುವವನು ತುಕಾರಾಮ. ಔರಾದಿಗೆ ರೈಲಿಲ್ಲ, ಭಾಲ್ಕಿಯ ದಾರಿಯಲ್ಲಿ ಮೋಟಾರೂ ಓಡುವುದಿಲ್ಲ; ಅದು ಬೀದರಿನಿಂದ ಮಾತ್ರ.

ಮಾಂಜ್ರಾ ನದಿ ಆ ಕಾಲಕ್ಕೆ ಗಾಲಿಯ ಅರ್ಧದಷ್ಟಿರುತ್ತದೆ. ನೀರಿನ ನಡುವೆ ಎತ್ತುಗಳು ನಿಂತು ಸಾವಕಾಶವಾಗಿ ಕುಡಿದವು. ನಾವೂ ಗಾಡಿಯಲ್ಲೇ ಕುಳಿತು ಕಾದೆವು. ಆಚೆ ದಂಡೆಯ ಹೊಲದವರು ಎಳೆಜೋಳದ ತೆನೆ ಸುಟ್ಟು ಸೀತನಿ ತಿಕ್ಕುತ್ತಿದ್ದರು. ಬಿಸಿಬಿಸಿ ಕಾಳನ್ನು ಹಿಂಡಿಯೊಡನೆ ಕೊಟ್ಟರು. ನಾನು ಹೈದರಾಬಾದಿನಲ್ಲಿ ಓದುತ್ತಿದ್ದ ವರ್ಷಗಳಲ್ಲಿ ನೆನೆಸಿಕೊಂಡದ್ದು ಊರಿನ ಬೇರಾವ ತಿಂಡಿಯನ್ನೂ ಅಲ್ಲ, ಇದನ್ನೇ.

ಗಾಡಿ ಮತ್ತೆ ಹೊರಟ ಮೇಲೆ, ಕಚೇರಿಯಲ್ಲಿ ಕೇಳಬಹುದಾದ ಪ್ರಶ್ನೆಗಳಿಗೆ ಮನಸ್ಸಿನಲ್ಲಿ ಉತ್ತರ ಜೋಡಿಸತೊಡಗಿದೆ. ತುಟಿ ಅಲ್ಲಾಡಿರಬೇಕು.

“ಏನು ಗುಣುಗುಣು ಮಾಡ್ಲತ್ತಿ, ಶಾಂತಾ?” ಎಂದರು ಅತ್ತೆ.

“ಉತ್ತರ ತಯಾರು ಮಾಡ್ಲತ್ತೀನ್ರಿ, ಅತ್ತಿ.”

“ಇದೇನು ಸಾಲಿ ಪರೀಕ್ಷಾ ಅಲ್ಲ. ನೀ ತಲಿ ಮ್ಯಾಲ ಸೆರಗು ಹೊತ್ಕೊಂಡು ನಿಂದ್ರು. ಮಾತಿಗಿ ನಾ ಅದೀನಿ.”

“ಅದಂತೂ ಇಡೀ ಭಾಲ್ಕಿಗೇ ಗೊತ್ತದ ಬಿಡ್ರಿ, ಅಮ್ಮಾರ” ಎಂದ ತುಕಾರಾಮ, ಮುಂದೆ ನೋಡುತ್ತಲೇ.

ಆ ರಾತ್ರಿ ನಡುದಾರಿಯ ಹಳ್ಳಿಯಲ್ಲಿ ಅತ್ತೆಯವರ ತವರಿನ ಸಂಬಂಧಿಕರ ಮನೆಯಲ್ಲಿ ತಂಗಿ, ಮರುದಿನ ಬಿಸಿಲು ಏರುವ ಮೊದಲು ಔರಾದು ಮುಟ್ಟಿದೆವು. ಗುರುವಾರ, ಸಂತೆಯಿರಲಿಲ್ಲ, ಆದರೂ ತಹಶೀಲ ಕಚೇರಿಯ ಜಗಲಿ ತುಂಬಿತ್ತು. ಆಫ್ರಿಕಾಕ್ಕೆ ಹೋಗುವವಳನ್ನು ನೋಡಬೇಕೆಂದು ನಮ್ಮ ಹಳೆಯ ಓಣಿಯ ಹೆಂಗಸರೂ ಬಂದು ಬಾಗಿಲಿಗೆ ನಿಂತಿದ್ದರು. ಹೇಳಿಕಳಿಸಿದ್ದರಿಂದ ಅಯ್ಯನವರು ಕೋಲೂರಿಕೊಂಡು ಮೊದಲೇ ಬಂದಿದ್ದರು.

ತಹಶೀಲ್ದಾರ ಸಾಹೇಬರು ಬಿಳಿಗಡ್ಡದ, ಸಣ್ಣ ದನಿಯ ಮನುಷ್ಯ, ಬೀದರಿನವರೇ. ಅವರ ಬದಿಗೆ ಪೇಶ್ಕಾರರು, ಕಚೇರಿಯ ಕಾಗದಪತ್ರಗಳೆಲ್ಲ ಅವರ ಕೈಯಲ್ಲಿ. ಅವರೇ ನನ್ನನ್ನು ಕೇಳಿದರು: “ಗಂಡನ ಹೆಸರು?”

“ಸಂಗಪ್ಪ” ಎಂದೆ. ಸ್ಪಷ್ಟವಾಗಿ, ಕಾಲೇಜಿನಲ್ಲಿ ಹಾಜರಿ ಹೇಳಿದಂತೆ.

ಬಾಗಿಲಲ್ಲಿ ಹೆಂಗಸರು “ಯವ್ವಯ್ಯ!” ಎಂದರು. ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪೇಶ್ಕಾರರು ಲೇಖನಿ ಕೆಳಗಿಟ್ಟರು.

“ಹುಜೂರ್, ಈ ತಾಲೂಕಿನಾಗ ಯಾವ ಹೆಂಡ್ತಿ ಗಂಡನ ಹೆಸರು ಹಿಂಗ ಪಟ್ಟನ ಹೇಳ್ಯಾಳ್ರಿ? ಗಂಡನ ಮ್ಯಾಲೇ ಫಿರ್ಯಾದಿ ಕೊಡ್ಲಿಕ್ಕೆ ಬಂದಾಕಿ ಸುದ್ದಾ ಬಾಜೂದವರ ಕಡಿಂದ ಹೇಳಸ್ತಾಳ. ಯಾರೋ ಪಾಠ ಮಾಡ್ಸಿ ಕಳಿಸ್ಯಾರ. ಹೆಂಡ್ತಿ ಅಂತ ಬ್ಯಾರೆಯವರನ್ನ ಹಡಗ ಹತ್ತಸೂದು ನಾವು ಕೇಳಿಲ್ಲೇನ್ರಿ?”

“ನನ್ನ ಸೊಸಿ ಅಲ್ಲಂದ್ರ, ಎರಡು ದಿನ ಗಾಡ್ಯಾಗ ನಡ ಮುರ್ಕೊಂಡು ಯಾರ ಸೊಸೀನ ಕರ್ಕೊಂಡು ಬಂದೀನ್ರಿ ನಾ?” ಎಂದರು ಅತ್ತೆ.

“ನೀವು ಮನೀ ಮಂದಿ. ಹೊರಗಿನವರು ಹೇಳಬೇಕು.”

ಸಾಹೇಬರು ಅಯ್ಯನವರ ಕಡೆಗೆ ನೋಡಿದರು. ಅಯ್ಯನವರು ನನ್ನ ಮುಖವನ್ನು ಹತ್ತಿರದಿಂದ, ದೂರದಿಂದ, ಮತ್ತೆ ಹತ್ತಿರದಿಂದ ನೋಡಿದರು.

“ಮದುವಿ ಮಾಡ್ಸಿದ್ದು ನಾನೇ ಖರೆ ಅದರಿ. ಮಾರಿ ಮಾತ್ರ ನೋಡಿಲ್ಲ. ಹುಡುಗಿ ಮುಗಿಯೂ ತನಕ ತಲಿ ಎತ್ತಲಿಲ್ಲ. ಒಂದು ನೆನಪದ. ಗಂಡಿನವರ ಬಿಡಾರದ ಹೊಸ್ತಿಲಾಗ ಒಡಪು ಹಾಕು ಅಂದ್ರ ಬಾಯೇ ಬಿಡಲಿಲ್ಲ. ಸಾರು ಆರಿ ಹೋತು, ನಮಗ ಊಟಾ ಸಿಗಲಿಲ್ಲ.”

ಒಡಪು ನಮ್ಮ ಕಡೆಯ ಪದ್ಧತಿ. ಗಂಡನ ಹೆಸರನ್ನು ಬರಿದೆ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಅದರೊಳಗೆ ಸೇರಿಸಿ ಹೇಳಬೇಕು. ಹೇಳುವವರೆಗೆ ಮದುಮಗಳನ್ನು ಒಳಗೆ ಬಿಡುವುದಿಲ್ಲ. ಅಷ್ಟು ಜನರೆದುರು ಹಾಗೆ ಹೇಳುವುದು ನನ್ನಿಂದ ಆಗಿರಲಿಲ್ಲ. ಕೊನೆಗೆ ಅತ್ತೆಯವರೇ ಕೈಹಿಡಿದು ಒಳಗೆ ಕರೆದುಕೊಂಡಿದ್ದರು.

ಆ ಅತ್ತೆಯವರೇ ಈಗ ಸಾಹೇಬರಿಗೆ ಕೈಮುಗಿದು, “ಈಗ ಹಾಕಸ್ತೀನ್ರಿ. ಗರತಿ ಹೆಂಡ್ತಿ ಹೌದೋ ಅಲ್ಲೋ ನೀವೇ ಕೇಳ್ರಿ” ಎಂದರು. ನನ್ನ ಕಡೆಗೆ ತಿರುಗಿ, “ಅವತ್ತು ಬಿಟ್ಟೀನಿ. ಇವತ್ತು ಬಿಡಂಗಿಲ್ಲ, ಹಾಕು.”

ನನ್ನ ಪದವಿ, ನಾನು ಜೋಡಿಸಿಕೊಂಡ ಉತ್ತರಗಳು, ಯಾವುದೂ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಕಚೇರಿಯವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು, ನೆಲ ನೋಡುತ್ತ, ಬಾಯಿಗೆ ಬಂದದ್ದನ್ನು ಹೇಳಿದೆ:

“ಕಡಲಿನ ಮ್ಯಾಲ ಹಡಗು, ಹಡಗಿಗಿ ಬೇಕು ಗಾಳಿ,
ಸಾಹೇಬರ ಸಹಿ ಬೀಳಲಿ, ಇವತ್ತಿಲ್ಲಂದ್ರ ನಾಳಿ,
ನನ್ನ ಕೊರಳಾಗ ಅದ ಸಂಗಪ್ಪನವರ ತಾಳಿ.”

ಬಾಗಿಲಿನ ಹೆಂಗಸರು ಚಪ್ಪಾಳೆ ಹೊಡೆದರು. ಒಬ್ಬಾಕೆ, “ಮಾಸ್ತರರ ಮಗಳು ಹೌದ್ರಿ, ಅದೇ ದನಿ!” ಎಂದಳು. ಇನ್ನಿಬ್ಬರು ತಾವೂ ಸಾಕ್ಷಿ ಹೇಳುವುದಾಗಿ ಮುಂದೆ ಬಂದರು. ಪೇಶ್ಕಾರರು ಲೇಖನಿ ಎತ್ತಿಕೊಂಡು, “ಇದನ್ನ ಮೊದಲೇ ಹೇಳಬಾರದೇನವಾ?” ಎಂದು ಬೇಸರದಿಂದ ಬರೆಯತೊಡಗಿದರು.

“ನಾಳಿ ಶುಕ್ರವಾರ, ಕಚೇರಿ ಬಂದ್” ಎಂದರು ಸಾಹೇಬರು, ಗಡ್ಡದೊಳಗೇ ನಗುತ್ತ. “ಇವತ್ತೇ ಹಾಕಬೇಕಾಯ್ತು.” ಆದರೆ ಸಹಿ ಹಾಕುವ ಮುನ್ನ ನಿಂತರು. “ನಮ್ಮ ನಿಕಾಹದಾಗ ಹುಡುಗಿಗಿ ಒಂದು ಮಾತು ಕೇಳ್ತಾರ. ನಾನೂ ಕೇಳ್ತೀನಿ. ಬೇಟಿ, ಅಷ್ಟು ದೂರ ನಿಮ್ಮ ಮರ್ಜೀಲೆ ಹೊಂಟೀರಾ, ಇಲ್ಲಾ ಯಾರರೆ ಕಳಸ್ಲತ್ತಾರಾ?”

ಇದಕ್ಕೆ ನಾನು ಉತ್ತರ ತಯಾರಿಸಿರಲಿಲ್ಲ. ಮದುವೆಯ ಹೊತ್ತಿನಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಆಗ ಕೇಳಿದ್ದರೂ ಏನು ಹೇಳುತ್ತಿದ್ದೆನೋ ತಿಳಿಯದು. ಮದುವೆಯಾಗಿ ನಾವು ಜೊತೆಯಲ್ಲಿದ್ದದ್ದು ಒಂದು ತಿಂಗಳಿಗಿಂತ ಕಡಿಮೆ. ಉಳಿದ ಪರಿಚಯವೆಲ್ಲ ಟಪಾಲಿನಲ್ಲಿ ಆದದ್ದು. ಅದರ ವಿಷಯ ಇಲ್ಲಿ ಬರೆಯುವುದಿಲ್ಲ.

“ನನ್ನ ಮರ್ಜೀಲೇರಿ” ಎಂದೆ.

ಸಹಿ ಬಿತ್ತು, ಮೊಹರು ಬಿತ್ತು. ಹೊರಗೆ ಬೇವಿನ ಕೆಳಗೆ ಬಂದಾಗ ಅತ್ತೆಯವರು ನನ್ನ ರಟ್ಟೆ ಹಿಡಿದರು. “ನನ್ನ ಮರ್ಜಿ ಅಂತ ಅಷ್ಟು ಜೋರಾಗಿ ಹೇಳೂದು ಬ್ಯಾಡಾಗಿತ್ತ ಬಿಡವಾ. ಗಾಡೀ ಎತ್ತು ಬೆದರಿದ್ವು.”

“ಜೋರಾಗಿ ಹೇಳಿದ್ನೇನ್ರಿ?”

“ಆಫ್ರಿಕಾದಾಗ ಕೇಳಿರ್ಬೇಕು” ಎಂದು ಹೇಳಿ, ಉಳಿದ ರೊಟ್ಟಿಯ ಗಂಟನ್ನು ನನ್ನ ಚೀಲಕ್ಕೆ ತುರುಕಿದರು. ಕಣ್ಣೊರೆಸಿಕೊಂಡರು; ಧೂಳು ಎಂದರು.

ಬೀದರಿನ ಮೋಟಾರು ಮಧ್ಯಾಹ್ನ ಹೊರಟಿತು. ಕಾಗದವನ್ನು ರವಿಕೆಯೊಳಗೆ ಮಡಿಸಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತೆ. ಊರು ದಾಟುವ ತಿರುವಿನಲ್ಲಿ ತಿರುಗಿ ನೋಡಿದಾಗ ನಮ್ಮ ಕಮಾನು ಗಾಡಿ ಭಾಲ್ಕಿಯ ದಾರಿ ಹಿಡಿದಿತ್ತು. ದಾರಿಯಲ್ಲಿ ಹುಲ್ಲುಹೊರೆ ಹೊತ್ತ ಇಬ್ಬರು ಹೆಂಗಸರನ್ನು ನಿಲ್ಲಿಸಿ, ಅತ್ತೆಯವರು ಗಾಡಿಯಿಂದ ಅರ್ಧ ಹೊರಗೆ ಬಾಗಿ ಎರಡೂ ಕೈ ಆಡಿಸುತ್ತ ಹೇಳುತ್ತಿದ್ದರು. ಭಾಲ್ಕಿ ಮುಟ್ಟುವುದರೊಳಗೆ ನನ್ನ ಒಡಪು ದಾರಿಯ ಹಳ್ಳಿಗಳಿಗೆಲ್ಲ ಬಾಯಿಪಾಠವಾಗಿರುತ್ತದೆ ಎಂದುಕೊಂಡೆ. ಮೋಟಾರು ಸದ್ದು ಮಾಡುತ್ತಿತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ನಾನೂ ಅದನ್ನು ಇನ್ನೊಮ್ಮೆ ಹೇಳಿಕೊಂಡೆ.