ರುಬ್ಬುವ ಕಲ್ಲಿನ ಹಾಡು

ನೆನೆದ ಉದ್ದಿನ ಬೇಳೆಯ ವಾಸನೆ ನಿಮಗೆ ಗೊತ್ತಲ್ಲ, ಹಸಿಹಸಿಯಾಗಿ, ಒದ್ದೆ ಮಣ್ಣಿನ ಹಾಗೆ. ಇವತ್ತು ಸಂಜೆ ಅಡುಗೆಮನೆಯಿಂದ ಅದು ಬಂತು. ಅದರ ಹಿಂದೆಯೇ ಒಂದು ಹಾಡು ಬರಬೇಕಿತ್ತು, ಬರಲಿಲ್ಲ. ಅದು ನಿಂತು ಎಷ್ಟೋ ವರ್ಷಗಳಾದವು, ನಿಲ್ಲಿಸಿದವನು ನಾನು.

ಎಪ್ಪತ್ತರ ದಶಕದಲ್ಲಿ ನಾವು ಮಲ್ಲೇಶ್ವರದ ಒಂದು ವಠಾರದಲ್ಲಿದ್ದೆವು. ಹಿತ್ತಿಲಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ರುಬ್ಬುವ ಕಲ್ಲು. ನನ್ನ ಹೆಂಡತಿ ಸರಸ ಸಂಜೆ ಅಲ್ಲಿ ಕೂತು ಹಿಟ್ಟು ರುಬ್ಬುತ್ತಾ, ರೇಡಿಯೋದಲ್ಲಿ ಕೇಳಿದ ಸಿನಿಮಾ ಹಾಡುಗಳನ್ನು ಹಾಡುತ್ತಿದ್ದಳು. ಪಲ್ಲವಿ ಒಂದು ಹಾಡಿನದು, ಚರಣ ಇನ್ನೊಂದರದು. ಸಾಲು ಮರೆತರೆ "ಉಪ್ಪು ಹಾಕಿದ್ನೋ ಇಲ್ವೋ" ಎಂದು ಅದೇ ರಾಗದಲ್ಲಿ ಸೇರಿಸಿಬಿಡುವಳು. ಪಕ್ಕದ ಮನೆಯ ಕಾವೇರಮ್ಮನವರು ಹೂ ಕಟ್ಟುವುದಕ್ಕೆ ಅದೇ ಹೊತ್ತು ನೋಡಿಕೊಂಡು ಬಂದು ಕೂರುತ್ತಿದ್ದರು.

ನನಗೆ ಮಾತ್ರ ನಾಚಿಕೆ. ನಾನು ಆಗ ಸದಾ ನನ್ನನ್ನೇ ತಿದ್ದಿಕೊಳ್ಳುವ ಮನುಷ್ಯ. ಎಸ್ಸೆಸ್ಸೆಲ್ಸಿಗೇ ಓದು ನಿಂತವನು, ಆಫೀಸಿನ ಪದವೀಧರರ ನಡುವೆ ಕುಗ್ಗಿ ಹೋಗಿದ್ದೆ. ಟೈಪಿಂಗ್ ಕಲಿತೆ, ಹಿಂದಿ ಪರೀಕ್ಷೆ ಕಟ್ಟಿದೆ, ನಸುಕಿನಲ್ಲಿ ತಣ್ಣೀರು ಸುರಿದುಕೊಂಡು ಮನೋಬಲ ಬೆಳೆಸಲು ಹೋಗಿ ನೆಗಡಿ ಬೆಳೆಸಿದೆ. ನನ್ನನ್ನು ಇನ್ನು ಹೆಚ್ಚು ತಿದ್ದಲಾಗದು ಎಂದು ಖಚಿತವಾದಾಗ ಕಣ್ಣು ಅವಳ ಮೇಲೆ ಬಿತ್ತು.

"ಇಷ್ಟು ಒಳ್ಳೆ ಗಂಟಲಿದೆ, ಹಿಂಗೆ ಹಾಳ್ಮಾಡ್ಕೋತಿದೀಯಲ್ಲ. ಪಾಠಕ್ಕೆ ಸೇರು," ಅಂದೆ.

"ನಾನೇನು ಕಛೇರಿ ಮಾಡ್ಬೇಕೇನ್ರೀ? ಹಿಟ್ಟು ರುಬ್ಬೋಕೆ ಇಷ್ಟು ಸಾಕು."

"ಮಾಡಿದ್ರೆ ಸರಿಯಾಗಿ ಮಾಡ್ಬೇಕು, ಇಲ್ಲಾಂದ್ರೆ ಮಾಡ್ಲೇಬಾರ್ದು."

ಎಂಥ ಮಾತು ನೋಡಿ! ಆಡಿದವನಿಗೆ ನೆಟ್ಟಗೆ ಕಾಫಿ ಬೆರೆಸಲೂ ಬರುತ್ತಿರಲಿಲ್ಲ.

ವೈಯಾಲಿಕಾವಲ್‌ನ ಒಬ್ಬ ಸಂಗೀತದ ಟೀಚರ್ ಹತ್ತಿರ ಸೇರಿಸಿದೆ. ಸರಸ ಶ್ರದ್ಧೆಯಿಂದಲೇ ಕಲಿತು ಜೂನಿಯರ್ ಪರೀಕ್ಷೆ ಪಾಸಾದಳು. ನಾನು ಆಫೀಸಿನಲ್ಲಿ ಮೈಸೂರು ಪಾಕ್ ಹಂಚಿದೆ. ಹಿತ್ತಿಲಲ್ಲಿ ಹಾಡು ನಿಂತಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಒಂದು ಸಂಜೆ ಕಾವೇರಮ್ಮನವರೇ ಕೂಗಿದರು: "ಏನೇ ಸರಸಾ, ನಿಮ್ಮನೆ ರೇಡಿಯೋ ಕೆಟ್ಟೋಯ್ತೇನೇ?"

ಸರಸ ನಕ್ಕು, ಹಿಟ್ಟು ಬಳಿದುಕೊಂಡು ಒಳಗೆ ಬಂದಳು. ಊಟಕ್ಕೆ ಬಡಿಸುವಾಗ, ಯಾಕೆ ಹಾಡುತ್ತಿಲ್ಲ ಎಂದು ಕೇಳಿದೆ.

"ಈಗ ಬಾಯ್ ಬಿಟ್ರೆ ಹಾಡಿಗಿಂತ ಮುಂಚೆ ತಪ್ಪೇ ಕೇಳ್ಸುತ್ತೆ ರೀ," ಅಂದಳು. ದೂರಲಿಲ್ಲ. ಸಾರು ಬೇಕಾ ಎಂದಳು, ಹಾಕಿಸಿಕೊಂಡೆ. ತಪ್ಪಾದರೇನಂತೆ ಹಾಡು ಎಂದು ಅವತ್ತಾದರೂ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ: "ಇನ್ನೂ ಜಾಸ್ತಿ ಅಭ್ಯಾಸ ಮಾಡು."

ಬಂದಷ್ಟರಲ್ಲೇ ಸಂತೋಷವಾಗಿರುವುದು ಅವಳಿಗೆ ಯಾರೂ ಕಲಿಸದೆ ಬಂದಿತ್ತು. ಅದನ್ನು ದುಡ್ಡು ಕೊಟ್ಟು ಮರೆಸಿದೆ.

ಇವತ್ತು ಆ ವಾಸನೆ ಬಂದಾಗ ನನಗೇನನ್ನಿಸಿತೋ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಹಳೆಯ ಹಾಡೊಂದನ್ನು ನಾನೇ ಎತ್ತಿಕೊಂಡೆ. ನನ್ನ ದನಿ ಎಣ್ಣೆ ಕಾಣದ ಗೇಟಿನ ಹಾಗೆ. ಸರಸ ತಿರುಗಿ ನೋಡಿದಳು.

"ಶ್ರುತಿ ಎಲ್ಲೋ ಹೋಗ್ತಿದೆ ರೀ."

"ಗೊತ್ತು ಕಣೆ," ಅಂದು ಮುಂದುವರಿಸಿದೆ. ಚರಣ ಮರೆತಿತ್ತು. "ಉಪ್ಪು ಹಾಕಿದ್ಯೋ ಇಲ್ವೋ" ಎಂದು ಸೇರಿಸಿದೆ.

ಅವಳು ಹಾಡಲಿಲ್ಲ. ಹಾಡು ಎಂದು ಕೇಳುವ ಮುಖವೂ ನನಗಿಲ್ಲ. ಆದರೆ ಮಿಕ್ಸಿಯ ಸ್ವಿಚ್ಚಿನ ಮೇಲಿಟ್ಟ ಬೆರಳನ್ನು ಒತ್ತದೆ, ನನ್ನ ಹಾಡು ಮುಗಿಯುವವರೆಗೂ ನಿಂತಿದ್ದಳು.